ಮಿತಿಯೊಳಗಿನ ವಿಷ: ಪೊಟ್ಟಣದ ಕಾನೂನು ಮತ್ತು ಅಹಿಂಸೆಯ ಅಣುವ್ರತ

ಯಾರೂ ಬಯಸದ, ಯಾರ ಕಣ್ಣಿಗೂ ಬೀಳದ, ಆದರೂ ಯಾರದೋ ದೇಹದಲ್ಲಿ ಹೋಗಿ ನೆಲೆಗೊಳ್ಳುವ ಕೇಡಿಗೆ ಹೊಣೆ ಯಾರದು ಎಂಬ ಪ್ರಶ್ನೆ ಧರ್ಮಚಿಂತನೆಗೆ ಹೊಸದೇನಲ್ಲ. ನಡೆಯುವಾಗ ಕಾಲಡಿ ಸಿಕ್ಕ ಇರುವೆಯ ಸಾವು ಪಾಪವೇ ಅಲ್ಲವೇ ಎಂಬ ಚರ್ಚೆಯನ್ನು ಭಾರತದ ಶ್ರಮಣ ಪರಂಪರೆಗಳು, ಅಂದರೆ ವೈದಿಕ ಯಜ್ಞಮಾರ್ಗದ ಹೊರಗೆ ಬೆಳೆದ ಜೈನ ಮತ್ತು ಬೌದ್ಧ ಸನ್ಯಾಸಮಾರ್ಗಗಳು, ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿವೆ. ಅದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬೇರೊಂದು ಜಾಗದಲ್ಲಿ, ಸರಕನ್ನು ಸುತ್ತಿ ಕೊಡುವ ಕಾಗದ, ಪ್ಲಾಸ್ಟಿಕ್, ಗಾಜು, ತಗಡುಗಳಲ್ಲಿರುವ ವಿಷದ್ರವ್ಯಗಳಿಗೆ ಮಿತಿ ಹಾಕುವ ಕಾನೂನುಗಳಲ್ಲಿ, ಮತ್ತೆ ತಲೆ ಎತ್ತಿತು. ಈ ಕಾನೂನುಗಳನ್ನು ರಸಾಯನಶಾಸ್ತ್ರದ ಕೋಷ್ಟಕಗಳೆಂದು ತಿಳಿದು ಬದಿಗಿಡುವುದು ವಾಡಿಕೆಯಾದರೂ ಅವುಗಳೊಳಗೆ ಒಂದು ನೀತಿಶಾಸ್ತ್ರ ಅಡಗಿದೆ. ಅದರ ಬಲವೇನು, ಕೊರತೆಯೇನು ಎಂಬುದು ಜೈನ ಅಹಿಂಸಾಚಿಂತನೆಯ, ಅದರಲ್ಲೂ ಗೃಹಸ್ಥನಿಗೆಂದು ವಿಧಿಸಿದ ಅಣುವ್ರತದ ಪಕ್ಕದಲ್ಲಿಟ್ಟು ನೋಡಿದಾಗ ಚೆನ್ನಾಗಿ ತಿಳಿಯುತ್ತದೆ.

ಮೊದಲು ಕಾನೂನಿನ ಸ್ವರೂಪವನ್ನು ಗಮನಿಸಬೇಕು. ಅಮೆರಿಕದ ಈಶಾನ್ಯ ರಾಜ್ಯಗಳ ರಾಜ್ಯಪಾಲರ ಒಕ್ಕೂಟವು 1989ರಲ್ಲಿ ಪ್ಯಾಕೇಜಿಂಗ್ ವಸ್ತುಗಳಲ್ಲಿನ ವಿಷದ್ರವ್ಯಗಳ ಬಗ್ಗೆ ಒಂದು ಮಾದರಿ ಶಾಸನವನ್ನು ರೂಪಿಸಿತು. ಮುಂದೆ 19 ರಾಜ್ಯಗಳು ಅದನ್ನು ಆಧರಿಸಿ ತಮ್ಮ ತಮ್ಮ ಕಾನೂನುಗಳನ್ನು ಮಾಡಿಕೊಂಡವು. ಸೀಸ, ಕ್ಯಾಡ್ಮಿಯಂ, ಪಾದರಸ ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ನಾಲ್ಕು ಭಾರಲೋಹಗಳನ್ನು ಪ್ಯಾಕೇಜಿಂಗಿಗೆ ಉದ್ದೇಶಪೂರ್ವಕವಾಗಿ ಬೆರೆಸುವುದನ್ನು ಆ ಶಾಸನ ಪೂರ್ತಿಯಾಗಿ ನಿಷೇಧಿಸಿತು. ಬೆರೆಸದಿದ್ದರೂ ಕಚ್ಚಾವಸ್ತುವಿನ ಜೊತೆಗೆ ತಾನಾಗಿ ಬಂದು ಸೇರುವ ಅಂಶಕ್ಕೆ ಒಂದು ಮಿತಿಯನ್ನು ಗೊತ್ತುಪಡಿಸಿತು. ಆ ಮಿತಿಯೂ ಒಮ್ಮೆಗೇ ಬಿಗಿಯಾಗಲಿಲ್ಲ: ನಾಲ್ಕೂ ಲೋಹಗಳ ಒಟ್ಟು ಪ್ರಮಾಣ ಎರಡು ವರ್ಷಗಳಲ್ಲಿ 600 ಪಿಪಿಎಂಗೆ, ಮೂರು ವರ್ಷಗಳಲ್ಲಿ 250ಕ್ಕೆ, ನಾಲ್ಕು ವರ್ಷಗಳಲ್ಲಿ 100ಕ್ಕೆ ಇಳಿಯಬೇಕೆಂದು ಮೆಟ್ಟಿಲುಗಳನ್ನು ಹಾಕಲಾಯಿತು. ಐರೋಪ್ಯ ಒಕ್ಕೂಟವು 1994ರ ಡಿಸೆಂಬರಿನ ತನ್ನ ಪ್ಯಾಕೇಜಿಂಗ್ ನಿರ್ದೇಶನದಲ್ಲಿ ಅದೇ ನಾಲ್ಕು ಲೋಹಗಳನ್ನೂ ಅದೇ ಮೂರು ಅಂಕಿಗಳನ್ನೂ ತೆಗೆದುಕೊಂಡು, 1998, 1999 ಮತ್ತು 2001ರ ಜೂನ್ 30ನ್ನು ಕ್ರಮವಾಗಿ ಅವುಗಳ ಗಡುವುಗಳೆಂದು ನಿಗದಿ ಮಾಡಿತು. 2026ರ ಆಗಸ್ಟ್ 12ರಿಂದ ಅನ್ವಯವಾಗುವಂತೆ ಒಕ್ಕೂಟವು ರೂಪಿಸಿದ ಹೊಸ ನಿಯಮಾವಳಿಯಲ್ಲೂ 100ರ ಆ ಮಿತಿ ಉಳಿದಿದೆ.

ಪಿಪಿಎಂ ಎಂದರೆ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗ. ನೂರು ಪಿಪಿಎಂ ಎಂದರೆ ಹತ್ತು ಕಿಲೋ ವಸ್ತುವಿನಲ್ಲಿ ಒಂದು ಗ್ರಾಂ. ಅಕ್ಕಿಯ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಕಿಲೋದ ಮೂಟೆಯಲ್ಲಿ ಸುಮಾರು ನಲವತ್ತೈವತ್ತು ಕಾಳು. ಇಷ್ಟು ಅಲ್ಪವಾದ ಲೋಹ ಪೊಟ್ಟಣದೊಳಗೆ ಬರುವುದಾದರೂ ಹೇಗೆ ಎಂಬುದಕ್ಕೆ ಹಳದಿ ಬಣ್ಣದ ಒಂದು ಪ್ಲಾಸ್ಟಿಕ್ ಚೀಲವೇ ಉತ್ತರ ಕೊಡಬಲ್ಲದು. ದೂರದಿಂದಲೇ ಕಣ್ಸೆಳೆಯುವ, ಬಿಸಿಲಿಗೆ ಬೇಗ ಮಾಸದ ಆ ಗಾಢ ಹಳದಿಯನ್ನು ಬಹುಕಾಲ ಕೊಡುತ್ತಿದ್ದದ್ದು ಲೆಡ್ ಕ್ರೋಮೇಟ್ ಎಂಬ ವರ್ಣದ್ರವ್ಯ. ಅದರ ಒಂದೊಂದು ಅಣುವಿನಲ್ಲೂ ಸೀಸ ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ ಎರಡೂ ಇರುತ್ತವೆ, ಅಂದರೆ ನಿಷೇಧಿತ ನಾಲ್ಕರಲ್ಲಿ ಎರಡು ಒಂದೇ ಬಣ್ಣದಲ್ಲಿ ಕೂಡಿರುತ್ತವೆ. ಬಾಟಲಿ ಸಾಗಿಸುವ ಕ್ರೇಟುಗಳ ಕೆಂಪು, ಕಿತ್ತಳೆ, ಹಳದಿಗಳಿಗೆ ಕ್ಯಾಡ್ಮಿಯಂ ಬಣ್ಣಗಳು ಬಳಕೆಯಾಗುತ್ತಿದ್ದವು. ಪಿವಿಸಿ ಪ್ಲಾಸ್ಟಿಕ್ ಕಾಯಿಸಿದಾಗ ಕೆಡದಂತೆ ತಡೆಯಲು ಸೀಸ ಅಥವಾ ಕ್ಯಾಡ್ಮಿಯಂ ಲವಣಗಳನ್ನು ಸ್ಥಿರಕಾರಿಗಳಾಗಿ ಸೇರಿಸುತ್ತಿದ್ದರು. ತಗಡಿನ ಡಬ್ಬಿಯ ಹೊಲಿಗೆಗೆ ಸೀಸದ ಬೆಸುಗೆ ಹಾಕುವುದು ಎಷ್ಟು ರೂಢಿಯಾಗಿತ್ತೆಂದರೆ, ಆಹಾರದ ಡಬ್ಬಿಗಳಲ್ಲಿ ಅದನ್ನು ನಿಷೇಧಿಸುವ ನಿಯಮ ಅಮೆರಿಕದಲ್ಲಿ ಬಂದದ್ದು 1995ರಲ್ಲಿ. ಈ ಯಾವುದರಲ್ಲೂ ಯಾರಿಗಾದರೂ ವಿಷ ಉಣಿಸಬೇಕೆಂಬ ಮನಸ್ಸು ಇರಲಿಲ್ಲ. ಬಣ್ಣ ಚೆನ್ನಾಗಿರಬೇಕು, ಡಬ್ಬಿ ಸೋರಬಾರದು, ಸರಕು ಬಿಕರಿಯಾಗಬೇಕು ಎಂಬ ಬಯಕೆಗಳಷ್ಟೇ ಇದ್ದವು. ತಾತ್ತ್ವಿಕ ತೊಡಕು ಹುಟ್ಟುವುದೂ ಇಲ್ಲಿಯೇ.

ಕಾನೂನು ಮಾಡಿದವರ ಮನಸ್ಸಿನಲ್ಲಿದ್ದದ್ದು ಮುಖ್ಯವಾಗಿ ಪೊಟ್ಟಣ ಬಿಚ್ಚಿದ ಮೇಲಿನ ಕಥೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪೊಟ್ಟಣದ ಆಯುಷ್ಯ ವಸ್ತುವಿನ ಆಯುಷ್ಯಕ್ಕಿಂತ ಬಹಳ ಚಿಕ್ಕದು. ಕೊಂಡ ದಿನವೇ ಅದು ಕಸವಾಗುತ್ತದೆ. ಕಸ ದಹನ ಕುಲುಮೆಗೆ ಹೋದರೆ ಪ್ಲಾಸ್ಟಿಕ್ ಉರಿದು ಹೋದರೂ ಲೋಹ ಉರಿಯುವುದಿಲ್ಲ. ಅದು ಬೂದಿಯಲ್ಲಿ ಉಳಿಯುತ್ತದೆ ಅಥವಾ ಹೊಗೆಯೊಂದಿಗೆ ಮೇಲೇರುತ್ತದೆ. ಕಸದ ಗುಂಡಿಗೆ ಹೋದರೆ ಮಳೆಯ ನೀರು ಕಸದ ನಡುವೆ ಇಳಿದು, ಲೀಚೇಟ್ ಎನಿಸಿಕೊಳ್ಳುವ ಕಪ್ಪು ದ್ರವವಾಗಿ, ಲೋಹವನ್ನು ಅಂತರ್ಜಲದ ಕಡೆಗೆ ಒಯ್ಯುತ್ತದೆ. ಸೀಸವು ಮೂಲಧಾತುವಾದ್ದರಿಂದ ಕೊಳೆಯುವುದಾಗಲೀ ಒಡೆದು ಬೇರೊಂದಾಗುವುದಾಗಲೀ ಇಲ್ಲ. ಅದು ಜಾಗ ಬದಲಿಸುತ್ತದೆ, ಅಷ್ಟೇ. ಹೀಗಾಗಿ ಈ ಶಾಸನ ರಕ್ಷಿಸಲು ಹೊರಟದ್ದು ಪೊಟ್ಟಣ ಕೊಂಡವನಿಗಿಂತ ಹೆಚ್ಚಾಗಿ ಪೊಟ್ಟಣವನ್ನು ಎಂದೂ ನೋಡದವನನ್ನು: ಕುಲುಮೆಯ ಗಾಳಿ ಕುಡಿಯುವವನನ್ನು, ಗುಂಡಿಯ ಬದಿಯ ಬಾವಿಯಿಂದ ನೀರು ಸೇದುವವನನ್ನು, ಇನ್ನೂ ಹುಟ್ಟದ ಮಗುವನ್ನು.

ಭಾರತದ ನಿಯಮಗಳು ಇದೇ ಕಾಳಜಿಯನ್ನು ಬೇರೆ ದಾರಿಯಿಂದ ಮುಟ್ಟುತ್ತವೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕೈಚೀಲಗಳೂ ಪ್ಲಾಸ್ಟಿಕ್ ಪ್ಯಾಕೇಜಿಂಗೂ ಬಣ್ಣ ಸೇರಿಸದ ಸಹಜ ವರ್ಣದಲ್ಲಿರಬೇಕು, ಇಲ್ಲವೇ ಆಹಾರದ ಸಂಪರ್ಕಕ್ಕೆ ಬರುವ ಪ್ಲಾಸ್ಟಿಕ್ಕಿಗೆಂದು ಭಾರತೀಯ ಮಾನಕ ಬ್ಯೂರೋ ಪಟ್ಟಿ ಮಾಡಿದ ವರ್ಣದ್ರವ್ಯಗಳನ್ನಷ್ಟೇ ಹೊಂದಿರಬೇಕು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಾವಳಿಯು ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿದುಬರುವ ದ್ರವ್ಯಗಳಿಗೆ, ಅಂದರೆ ಶಾಸ್ತ್ರದ ಮಾತಿನಲ್ಲಿ ವಲಸೆಗೆ, ಒಟ್ಟು ಪ್ರತಿ ಕಿಲೋಗೆ 60 ಮಿಲಿಗ್ರಾಂ ಎಂಬ ಮೇರೆ ಹಾಕಿತು. ಆಹಾರವನ್ನು ಸುತ್ತಲು ಹಳೆಯ ಸುದ್ದಿಪತ್ರಿಕೆ ಬಳಸುವುದನ್ನು ನಿಷೇಧಿಸಿತು. ಈ ಕೊನೆಯ ನಿಯಮದ ಹಿಂದಿನ ಕಾರಣ ಬೀದಿಬದಿಯ ಬಾಣಲೆಯ ಪಕ್ಕದಲ್ಲೇ ಕಾಣುತ್ತದೆ: ಬಿಸಿ ಬಜ್ಜಿಯ ಎಣ್ಣೆ ಕಾಗದಕ್ಕೆ ಇಳಿದು ಅಕ್ಷರಗಳು ಹಿಂಬದಿಯಿಂದ ಮೂಡಿ ಕಾಣುವ ಹೊತ್ತಿಗೆ, ಶಾಯಿಯಲ್ಲಿ ಎಣ್ಣೆಗೆ ಕರಗುವಂಥದ್ದು ಅದೇ ದಾರಿಯಲ್ಲಿ ಬಜ್ಜಿಗೆ ಏರಿರುತ್ತದೆ. ಆ ಬಜ್ಜಿಯನ್ನು ಕಟ್ಟಿಕೊಟ್ಟ ಕೈಯಲ್ಲಿ ದುರುದ್ದೇಶ ಹುಡುಕಿದರೆ ಸಿಗುವುದಿಲ್ಲ, ಸಿಗುವುದು ರೂಢಿಯೊಂದೇ.

ಹೀಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಉದ್ದೇಶವಿಲ್ಲದ ಹಿಂಸೆಯನ್ನು ಹಿಂಸೆಯೆಂದು ಕರೆಯಬಹುದೇ ಎಂಬುದು ಮೊದಲನೆಯದು. ವಿಷಕ್ಕೆ ಇಷ್ಟರವರೆಗೆ ಎಂದು ಮಿತಿ ಗೊತ್ತುಪಡಿಸುವುದು ಅಷ್ಟು ವಿಷಕ್ಕೆ ಅನುಮತಿ ಕೊಟ್ಟಂತಲ್ಲವೇ, ಅಂಥ ಅನುಮತಿಗೆ ಧರ್ಮದಲ್ಲಿ ಸ್ಥಾನವಿದೆಯೇ ಎಂಬುದು ಎರಡನೆಯದು.

ಮೊದಲ ಪ್ರಶ್ನೆಯಲ್ಲಿ ಬೌದ್ಧ ಮತ್ತು ಜೈನ ಚಿಂತನೆಗಳು ಬಹುದೂರ ಜೊತೆಯಾಗಿ ಬಂದು ಒಂದು ಕವಲಿನಲ್ಲಿ ಬೇರಾಗುತ್ತವೆ. ಬೌದ್ಧರಿಗೆ ಕರ್ಮದ ತಿರುಳು ಚೇತನಾ, ಅಂದರೆ ಕ್ರಿಯೆಯ ಹಿಂದೆ ನಿಂತ ಸಂಕಲ್ಪ. ಸಂಕಲ್ಪವಿಲ್ಲದ ಕ್ರಿಯೆಯ ಫಲ ಸಂಕಲ್ಪಪೂರ್ವಕ ಕ್ರಿಯೆಯ ಫಲಕ್ಕೆ ಸಮನಲ್ಲ. ಹಾಗೆಂದು ಬೌದ್ಧಧರ್ಮ ವ್ಯಾಪಾರಿಯನ್ನು ಸುಮ್ಮನೆ ಬಿಟ್ಟಿಲ್ಲ. ಉಪಾಸಕನು ಮಾಡಬಾರದ ಐದು ವ್ಯಾಪಾರಗಳಲ್ಲಿ ಶಸ್ತ್ರ, ಪ್ರಾಣಿ, ಮಾಂಸ, ಮದ್ಯಗಳ ಜೊತೆಗೆ ವಿಷವನ್ನೂ ಹೆಸರಿಸಿದೆ. ಜೈನರು ಸಂಕಲ್ಪದ ತೂಕವನ್ನು ಒಪ್ಪಿಕೊಂಡೇ ಅದರ ಪಕ್ಕದಲ್ಲಿ ಇನ್ನೊಂದು ಪದವನ್ನು ತಂದಿಟ್ಟರು: ಪ್ರಮಾದ. ಪ್ರಮಾದವೆಂದರೆ ಎಚ್ಚರಗೇಡಿತನ, ನೋಡಬೇಕಾದದ್ದನ್ನು ನೋಡದಿರುವುದು, ತಿಳಿಯಬಹುದಾದದ್ದನ್ನು ತಿಳಿಯದಿರುವುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಅದಕ್ಕೆ ಕಾರಣವಾಗಿ ಇಡುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಮುಂದೆ ಹೋಗಿ, ಜೀವ ಸಾಯಲಿ ಬದುಕಲಿ, ಎಚ್ಚರ ತಪ್ಪಿ ನಡೆಯುವವನಿಗೆ ಹಿಂಸೆ ತಪ್ಪದು, ಎಚ್ಚರದಿಂದ ನಡೆಯುವವನಿಗೆ ಅನಿವಾರ್ಯವಾಗಿ ಆದ ಹಾನಿ ಮಾತ್ರದಿಂದ ಬಂಧವಿಲ್ಲ ಎಂಬ ನಿಲುವನ್ನು ಮಂಡಿಸುತ್ತದೆ.

ಈ ನಿಲುವನ್ನು ಮೇಲುಮೇಲೆ ಕೇಳಿದವರಿಗೆ ಅದು ತಯಾರಕನಿಗೆ ಸಿಕ್ಕ ಅನುಕೂಲಕರ ಆಶ್ರಯದಂತೆ ತೋರಬಹುದು: ತನಗೆ ಗೊತ್ತಿರಲಿಲ್ಲ, ತಾನು ಬೇಕೆಂದು ಮಾಡಲಿಲ್ಲ, ಆದ್ದರಿಂದ ತಾನು ನಿರ್ದೋಷಿ. ಆದರೆ ಜೈನ ಆಚಾರಶಾಸ್ತ್ರದಲ್ಲಿ ಎಚ್ಚರ ಎಂಬುದು ಎದೆಯೊಳಗಿನ ಭಾವನೆಯಲ್ಲ. ಅದು ಕಣ್ಣು, ಕೈ, ಕಾಲುಗಳ ಕೆಲಸ. ಮುನಿಗೆ ವಿಧಿಸಿದ ಐದು ಸಮಿತಿಗಳು, ಅಂದರೆ ಎಚ್ಚರದ ನಡೆಗಳು, ಇದನ್ನು ವಿವರವಾಗಿ ಹೇಳುತ್ತವೆ. ಈರ್ಯಾ ಸಮಿತಿಯಂತೆ ಅವನು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆ ಇಡಬೇಕು. ಭಾಷಾ ಸಮಿತಿಯಂತೆ ಅಳೆದು ಮಾತಾಡಬೇಕು. ಏಷಣಾ ಸಮಿತಿಯಂತೆ ಆಹಾರವನ್ನು ಪರೀಕ್ಷಿಸಿ ಸ್ವೀಕರಿಸಬೇಕು. ಆದಾನ-ನಿಕ್ಷೇಪಣ ಸಮಿತಿಯಂತೆ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜಾಗವನ್ನು ನೋಡಿ, ಗುಡಿಸಿ, ಆಮೇಲೆ ಇಡಬೇಕು. ಉತ್ಸರ್ಗ ಸಮಿತಿಯಂತೆ ತ್ಯಜಿಸಬೇಕಾದದ್ದನ್ನು ಜೀವಕ್ಕೆ ಕೇಡಾಗದ ಕಡೆ ತ್ಯಜಿಸಬೇಕು. ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಯೊಬ್ಬರು ಕಮಂಡಲುವನ್ನು ನೆಲಕ್ಕಿಡುವ ಮುನ್ನ ನವಿಲುಗರಿಯ ಪಿಂಛಿಯಿಂದ ಆ ಜಾಗವನ್ನು ಮೃದುವಾಗಿ ಸವರುವುದನ್ನು ಕಂಡವರಿಗೆ, ಎಚ್ಚರವೆಂಬುದು ಎಷ್ಟು ಸ್ಪಷ್ಟವಾದ, ಕಣ್ಣಿಗೆ ಕಾಣುವ ಕ್ರಿಯೆ ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಹೀಗೆ ನೋಡಿ ಪರೀಕ್ಷಿಸುವುದಕ್ಕೆ ಪ್ರತಿಲೇಖನವೆಂದು ಹೆಸರು. ನೋಡುವ ಸಾಧನ ಕೈಯಲ್ಲಿದ್ದೂ ನೋಡದವನು ತಾನು ಕಾಣಲಿಲ್ಲ ಎಂದು ಹೇಳಿ ಪಾರಾಗಲಾರ.

ಸೀಸ ಬರಿಗಣ್ಣಿಗೆ ಕಾಣದು ಎಂಬುದು ನಿಜ. ಆದರೆ ಕ್ಷ-ಕಿರಣ ಹಾಯಿಸಿ, ವಸ್ತುವಿನಿಂದ ಮರಳಿ ಹೊಮ್ಮುವ ಕಿರಣಗಳ ಗುಣದಿಂದ ಅದರೊಳಗಿನ ಲೋಹವನ್ನು ಗುರುತಿಸುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳು ಇಂದು ಇವೆ. ಅಮೆರಿಕದ ರಾಜ್ಯಗಳು ಅಂಗಡಿಗಳಿಂದ ತಂದ ಪೊಟ್ಟಣಗಳನ್ನು ಇಂಥ ಯಂತ್ರದಡಿ ಇಟ್ಟು ನೋಡಿದಾಗ, ಮೆತ್ತನೆಯ ಪಿವಿಸಿ ಚೀಲಗಳಲ್ಲಿ ಸೀಸವೂ ಕ್ಯಾಡ್ಮಿಯಮ್ಮೂ, ಕೈಚೀಲಗಳ ಮುದ್ರಣಶಾಯಿಯಲ್ಲಿ ಸೀಸವೂ ಕ್ರೋಮಿಯಮ್ಮೂ ಕಾನೂನು ಬಂದು ವರ್ಷಗಳಾದ ಮೇಲೂ ಸಿಕ್ಕವು. ಪಿಂಛಿ ನೆಲಕ್ಕೆ ಮಾಡುವ ಕೆಲಸವನ್ನು ಈ ಯಂತ್ರ ಪೊಟ್ಟಣಕ್ಕೆ ಮಾಡುತ್ತದೆ. ಅದು ಲಭ್ಯವಾದ ದಿನದಿಂದ ಅಜ್ಞಾನದ ನೆಪ ಪ್ರಮಾದವಾಗಿ ಮಾರ್ಪಟ್ಟಿದೆ.

ಆಹಾರದ ಜೊತೆಗೆ ಅದನ್ನು ಹೊತ್ತ ಪಾತ್ರೆಯನ್ನೂ ಪರೀಕ್ಷೆಗೆ ಒಳಪಡಿಸುವ ಆಲೋಚನೆ ಈ ಪರಂಪರೆಯಲ್ಲಿ ಹಳೆಯದು. ದಿಗಂಬರ ಮುನಿಗಳ ಆಚಾರಗ್ರಂಥವಾದ ವಟ್ಟಕೇರರ ಮೂಲಾಚಾರದಲ್ಲಿ ಪಿಂಡಶುದ್ಧಿ, ಅಂದರೆ ಆಹಾರಶುದ್ಧಿ, ಎಂಬ ಅಧಿಕಾರವಿದೆ. ಅಲ್ಲಿ ಎಣಿಸುವ ಆಹಾರದೋಷಗಳಲ್ಲಿ ಲಿಪ್ತ ಎಂಬುದು ಒಂದು: ಕಾವಿಮಣ್ಣು, ಖಡಿಮಣ್ಣು, ಹರಿತಾಳ, ಮನಃಶಿಲೆ ಮುಂತಾದವು ಮೆತ್ತಿಕೊಂಡ ಕೈಯಿಂದಲೋ ಪಾತ್ರೆಯಿಂದಲೋ ಕೊಟ್ಟ ಆಹಾರವನ್ನು ಮುನಿ ತೆಗೆದುಕೊಳ್ಳಬಾರದು. ಹರಿತಾಳ ಮತ್ತು ಮನಃಶಿಲೆ ಎರಡೂ ಬಣ್ಣಕ್ಕೆ ಬಳಕೆಯಾಗುತ್ತಿದ್ದ ಆರ್ಸೆನಿಕ್ ಖನಿಜಗಳು, ಒಂದು ಹಳದಿ, ಇನ್ನೊಂದು ಕೆಂಪು. ಆ ನಿಷೇಧದ ಹಿಂದಿನ ಕಾರಣ ಇಂದಿನ ವಿಷಶಾಸ್ತ್ರವಲ್ಲ, ಮಣ್ಣಿನಲ್ಲೂ ಖನಿಜದಲ್ಲೂ ಪೃಥ್ವೀಕಾಯಿಕವೆಂಬ ಸೂಕ್ಷ್ಮಜೀವವಿದೆ ಎಂಬ ನಂಬಿಕೆ. ಆದ್ದರಿಂದ ಅದನ್ನು ಆಧುನಿಕ ಕಾನೂನಿನ ಪೂರ್ವರೂಪವೆಂದು ಕೊಂಡಾಡುವುದು ಸರಿಯಲ್ಲ. ಆದರೆ ಅನ್ನ ಶುದ್ಧವಾಗಿದ್ದರೂ ಅನ್ನವನ್ನು ಮುಟ್ಟಿದ್ದು ಅಶುದ್ಧವಾಗಿದ್ದರೆ ದಾನ ಕೆಡುತ್ತದೆ ಎಂಬ ವಿವೇಕ ಎರಡಕ್ಕೂ ಸಮಾನ. ಕೊಡುವ ವಸ್ತುವಿನ ನೈತಿಕತೆ ಅದರ ಹೊದಿಕೆಯವರೆಗೂ ಚಾಚಿಕೊಂಡಿದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಸೀಸಕ್ಕೆ ಸುರಕ್ಷಿತವೆಂದು ಹೇಳಬಹುದಾದ ಮಟ್ಟ ಯಾವುದೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಗುವಿನ ಬೆಳೆಯುವ ಮಿದುಳಿಗೆ ಅಲ್ಪ ಪ್ರಮಾಣವೂ ಹಾನಿ ಮಾಡಬಲ್ಲದು. ಹಾಗಿರುವಾಗ ನೂರು ಪಿಪಿಎಂ ಎಂಬ ಗೆರೆ ನಿರಪಾಯದ ಗೆರೆಯಲ್ಲ. ಶೂನ್ಯವನ್ನೇ ಏಕೆ ವಿಧಿಸಲಿಲ್ಲ ಎಂದು ಕೇಳಿದರೆ, ಭೂಮಿಯ ಮಣ್ಣಿನಲ್ಲಿ, ಗಾಜಿಗೆ ಬಳಸುವ ಮರಳಿನಲ್ಲಿ, ಮರುಬಳಕೆಯ ಕಾಗದದಲ್ಲಿ ಈ ಲೋಹಗಳ ಲೇಶ ಎಲ್ಲೆಡೆ ಇದ್ದೇ ಇರುತ್ತದೆ, ಸಂಪೂರ್ಣ ಶೂನ್ಯ ಯಾರ ಕೈಗೂ ಎಟುಕುವುದಿಲ್ಲ ಎಂಬುದೇ ಉತ್ತರ. ಜೈನ ಚಿಂತನೆ ಎದುರಿಸಿದ ತೊಡಕೂ ಇದೇ ಆಕಾರದ್ದು: ನೀರಿನಲ್ಲಿ, ಗಾಳಿಯಲ್ಲಿ, ಮಣ್ಣಿನಲ್ಲಿ ಜೀವವಿರುವಾಗ ಉಸಿರಾಡುವವನು ಅಹಿಂಸಕನಾಗುವುದು ಹೇಗೆ? ಆ ಪ್ರಶ್ನೆಗೆ ಜೈನರು ಕೊಟ್ಟ ಉತ್ತರ ಎರಡು ಹಂತದ್ದು. ಮುನಿಗೆ ಮಹಾವ್ರತ, ಅಂದರೆ ಪೂರ್ಣ ತ್ಯಾಗದ ಪ್ರತಿಜ್ಞೆ. ಒಲೆ ಉರಿಸಬೇಕಾದ, ಹೊಲ ಉಳಬೇಕಾದ, ಅಂಗಡಿ ನಡೆಸಬೇಕಾದ ಗೃಹಸ್ಥನಿಗೆ ಅಣುವ್ರತ, ಅಂದರೆ ಶಕ್ತ್ಯನುಸಾರವಾದ ಚಿಕ್ಕ ಪ್ರತಿಜ್ಞೆ.

ಅಣುವ್ರತದ ಒಳರಚನೆ ಇಲ್ಲಿ ಗಮನಾರ್ಹ. ಜೈನ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪೀ, ಮನೆಗೆಲಸದಲ್ಲಿ ಆಗುವ ಆರಂಭೀ, ಕಸುಬಿನಲ್ಲಿ ಆಗುವ ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ. ಇವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಗೃಹಸ್ಥ ಪೂರ್ತಿಯಾಗಿ ಬಿಡಬೇಕು. ಉಳಿದವನ್ನು ಸಾಧ್ಯವಾದಷ್ಟು ಕಡಿಮೆ ಮಾಡುತ್ತಾ ಹೋಗಬೇಕು. 1989ರ ಮಾದರಿ ಶಾಸನದ ರಚನೆಯೂ ಇದೇ: ಉದ್ದೇಶಪೂರ್ವಕ ಬೆರಕೆಗೆ ಮಿತಿಯ ಪ್ರಶ್ನೆಯೇ ಇಲ್ಲ, ಅದು ನಿಷಿದ್ಧ, ಕಸುಬಿನ ಜೊತೆಗೆ ತಾನಾಗಿ ಬರುವ ಲೇಶಕ್ಕೆ ಮಾತ್ರ ಮಿತಿ, ಅದೂ ಇಳಿಮುಖದ ಮಿತಿ. ಒಬ್ಬರನ್ನೊಬ್ಬರು ಅರಿಯದ ಎರಡು ಲೋಕಗಳು ಒಂದೇ ಸಮಸ್ಯೆಯ ಎದುರು ಒಂದೇ ಪರಿಹಾರಕ್ಕೆ ಬಂದದ್ದು ಬರಿಯ ಕಾಕತಾಳೀಯವೆನಿಸುವುದಿಲ್ಲ. ಪೂರ್ಣ ಶುದ್ಧಿ ಅಸಾಧ್ಯವೂ ಪೂರ್ಣ ಉದಾಸೀನ ಅಧರ್ಮವೂ ಆದ ಕಡೆ ವಿವೇಕಕ್ಕೆ ಉಳಿಯುವ ದಾರಿ ಪ್ರಾಯಶಃ ಇದೊಂದೇ.

ಆದರೆ ಅಣುವ್ರತ ಎಂದರೆ ಸಂಧಾನವಲ್ಲ, ಅದು ಏಣಿಯ ಮೊದಲ ಮೆಟ್ಟಿಲು. ಶ್ರಾವಕನಿಗೆ, ಅಂದರೆ ಜೈನ ಗೃಹಸ್ಥನಿಗೆ, ಹನ್ನೊಂದು ಪ್ರತಿಮೆಗಳನ್ನು ಹೇಳಲಾಗಿದೆ. ಪ್ರತಿಮೆ ಎಂದರೆ ಸಾಧನೆಯ ಹಂತ. ಒಂದೊಂದು ಹಂತದಲ್ಲೂ ಹಿಂದಿನದನ್ನು ಉಳಿಸಿಕೊಂಡು ಹೊಸದೊಂದನ್ನು ಬಿಡುತ್ತಾ ಅವನು ಮಹಾವ್ರತದ ಕಡೆಗೆ ಏರಬೇಕು. ಕೆಳಗಿನ ಮೆಟ್ಟಿಲಿನಲ್ಲೇ ನೆಮ್ಮದಿಯಾಗಿ ಕೂತವನು ವ್ರತಿಯಾದರೂ ಸಾಧಕನಲ್ಲ. ಆರುನೂರು, ಇನ್ನೂರೈವತ್ತು, ನೂರು ಎಂಬ ಇಳಿಕೆಯಲ್ಲಿ ಇದ್ದದ್ದು ಇಂಥದೇ ಪ್ರತಿಮೆಗಳ ಗುಣ. ಅದು ನೂರಕ್ಕೆ ಬಂದು, ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿಯೇ ನಿಂತದ್ದು ಯೋಚಿಸಬೇಕಾದ ಸಂಗತಿ. ತೊಂಬತ್ತೊಂಬತ್ತು ಪಿಪಿಎಂ ಇರುವ ಪೊಟ್ಟಣವನ್ನು ತಯಾರಿಸಿದವನು ಕಾನೂನಿನ ಕಣ್ಣಿಗೆ ನಿರ್ದೋಷಿ. ಆದರೆ ಸುಲಭವಾಗಿ ಹತ್ತಕ್ಕೆ ಇಳಿಸಬಹುದಾಗಿದ್ದರೂ ಇಳಿಸದಿದ್ದರೆ ಅಣುವ್ರತದ ಕಣ್ಣಿಗೆ ಅವನು ಪ್ರಮತ್ತನೇ. ಮಿತಿಯನ್ನು ದಾಟಬಾರದ ಬೇಲಿಯೆಂದು ತಿಳಿದವನಿಗೂ, ಅಲ್ಲಿಯವರೆಗೆ ಬಳಸಿಕೊಳ್ಳಬಹುದಾದ ಹಕ್ಕೆಂದು ತಿಳಿದವನಿಗೂ ಇರುವ ಅಂತರವನ್ನು ಅಳೆಯುವ ಯಂತ್ರವಿಲ್ಲ. ಆ ಅಂತರವನ್ನು ಕಾಯಬೇಕಾದದ್ದು ಧರ್ಮ.

ಮರುಬಳಕೆಯ ವಿಷಯಕ್ಕೆ ಬಂದಾಗ ಜೈನ ಕರ್ಮಸಿದ್ಧಾಂತ ಇನ್ನೂ ಹತ್ತಿರ ಬರುತ್ತದೆ. ಇತರ ದರ್ಶನಗಳಿಗಿಂತ ಭಿನ್ನವಾಗಿ ಜೈನರು ಕರ್ಮವನ್ನು ಪುದ್ಗಲವೆಂದು, ಅಂದರೆ ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ಜಡದ್ರವ್ಯವೆಂದು, ತಿಳಿಯುತ್ತಾರೆ. ಅದು ಒಳಗೆ ಹರಿದು ಬರುವುದು ಆಸ್ರವ, ಅಂಟಿಕೊಳ್ಳುವುದು ಬಂಧ, ಹೊಸ ಹರಿವನ್ನು ತಡೆಯುವುದು ಸಂವರ, ಅಂಟಿದ್ದನ್ನು ಮೆಲ್ಲಮೆಲ್ಲನೆ ಉದುರಿಸುವುದು ನಿರ್ಜರೆ. ಈಗ ಗಾಜಿನ ಬಾಟಲಿಯನ್ನು ನೋಡಬೇಕು. ಹಳೆಯ ದ್ರಾಕ್ಷಾರಸದ ಬಾಟಲಿಗಳ ಬಾಯಿಗೆ ಸುತ್ತುತ್ತಿದ್ದ ಸೀಸದ ಹಾಳೆಯಿಂದ, ಸೀಸ ಬೆರೆಸಿದ ಹೊಳಪು ಗಾಜಿನ ಲೋಟಗಳ ಚೂರುಗಳಿಂದ, ಮರುಬಳಕೆಯ ಗಾಜಿಗೆ ಸೀಸ ಸೇರಿತು. ಕರಗಿಸಿ ಹೊಸ ಬಾಟಲಿ ಮಾಡಿದರೂ ಅದು ಹೋಗಲಿಲ್ಲ, ಪ್ರತಿ ಹೊಸ ಹುಟ್ಟಿನಲ್ಲೂ ಹಿಂದಿನದು ಜೊತೆಗೇ ಬಂತು. ಐರೋಪ್ಯ ಒಕ್ಕೂಟ 1999ರಲ್ಲಿ ಪ್ಲಾಸ್ಟಿಕ್ ಕ್ರೇಟುಗಳಿಗೆ, 2001ರಲ್ಲಿ ಗಾಜಿಗೆ ಷರತ್ತುಬದ್ಧ ವಿನಾಯಿತಿ ಕೊಡಬೇಕಾಗಿ ಬಂದದ್ದು ಈ ಕಾರಣಕ್ಕೆ. ಗಾಜಿನ ವಿಷಯದಲ್ಲಿ ಮುಖ್ಯ ಷರತ್ತು ಸ್ಪಷ್ಟವಾಗಿತ್ತು: ಮಿತಿ ಮೀರುವುದಾದರೆ ಅದು ಮರುಬಳಕೆಯ ವಸ್ತುವಿನಿಂದ ಮಾತ್ರ ಮೀರಬಹುದು, ತಯಾರಿಕೆಯಲ್ಲಿ ಆ ಲೋಹಗಳನ್ನು ಹೊಸದಾಗಿ ಉದ್ದೇಶಪೂರ್ವಕವಾಗಿ ಸೇರಿಸುವಂತಿಲ್ಲ. ಹಳೆಯ ಋಣಕ್ಕೆ ಕಾಲಾವಕಾಶವಿದೆ, ಹೊಸ ಋಣಕ್ಕೆ ಬಾಗಿಲು ಮುಚ್ಚಿದೆ. ಸಂವರ ಇಂದೇ ಆಗಬೇಕು, ನಿರ್ಜರೆ ಕ್ರಮದಲ್ಲಿ ನಡೆಯಬೇಕು. ಹಳೆಯದನ್ನೆಲ್ಲ ಒಮ್ಮೆಗೇ ಎಸೆದು ಶುದ್ಧರಾಗುವ ಆತುರವೂ ಕೇಡಿನದೇ, ಏಕೆಂದರೆ ಎಸೆದ ಸೀಸ ಬೇರೆ ಯಾರದೋ ನೆಲದಲ್ಲಿ ಬೀಳುತ್ತದೆ.

ಇಷ್ಟೆಲ್ಲ ಹೇಳಿದರೂ ಹೊಣೆ ಯಾರದೆಂದು ಆರಂಭದಲ್ಲಿ ಎತ್ತಿದ ಪ್ರಶ್ನೆ ಉಳಿದೇ ಇದೆ. ಬಣ್ಣ ತಯಾರಿಸಿದವನೊಬ್ಬ, ಹಾಳೆ ಎಳೆದವನೊಬ್ಬ, ಮುದ್ರಿಸಿದವನೊಬ್ಬ, ಸರಕು ತುಂಬಿದವನೊಬ್ಬ, ಮಾರಿದವನೊಬ್ಬ, ಕೊಂಡವನೊಬ್ಬ. ಇಷ್ಟು ಕೈಗಳಲ್ಲಿ ಹರಿದುಹೋದ ಹೊಣೆ ಯಾರ ಅಂಗೈಯಲ್ಲೂ ಉಳಿಯದಂತೆ ಕಾಣುತ್ತದೆ. ಅಮೆರಿಕದ ಶಾಸನ ಇದಕ್ಕೆ ಅನುಸರಣಾ ಪ್ರಮಾಣಪತ್ರವೆಂಬ ಉಪಾಯವನ್ನು ಹೂಡಿತು: ಪ್ಯಾಕೇಜಿಂಗ್ ಪೂರೈಸುವವನು ಅದನ್ನು ಕೊಳ್ಳುವ ಉದ್ದಿಮೆಗೆ ತನ್ನ ವಸ್ತು ಕಾನೂನಿಗೆ ಒಳಪಟ್ಟಿದೆ ಎಂದು ಬರೆದುಕೊಡಬೇಕು. ಹೀಗೆ ಮಾತು ಕೈಯಿಂದ ಕೈಗೆ ಸಾಗುತ್ತದೆ. ಪರೀಕ್ಷೆಯ ಬೆಂಬಲವಿಲ್ಲದಿದ್ದರೆ ಸುಳ್ಳೂ ಅಷ್ಟೇ ಸರಾಗವಾಗಿ ಸಾಗುತ್ತದೆ. ಜೈನ ನೀತಿ ಈ ಸರಪಳಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ತಾನೇ ಮಾಡಿದ್ದು ಕೃತ, ಬೇರೆಯವರಿಂದ ಮಾಡಿಸಿದ್ದು ಕಾರಿತ, ಬೇರೆಯವರು ಮಾಡಿದ್ದನ್ನು ಒಪ್ಪಿದ್ದು ಅನುಮತ. ಮನಸ್ಸು, ಮಾತು, ದೇಹ ಎಂಬ ಮೂರರಿಂದಲೂ ಈ ಮೂರೂ ಕರ್ಮವೇ. ಈ ಲೆಕ್ಕದಲ್ಲಿ ಕಡಿಮೆ ಬೆಲೆಗೆ ಒತ್ತಾಯಿಸಿ ಅಗ್ಗದ ಬಣ್ಣಕ್ಕೆ ದಾರಿ ಮಾಡಿಕೊಟ್ಟ ಉದ್ದಿಮೆ ಕಾರಿತದ ಭಾಗಿ. ಹೊಳೆಯುವ ಪೊಟ್ಟಣವನ್ನೇ ಆರಿಸಿಕೊಳ್ಳುವ ಗ್ರಾಹಕ ಅನುಮತದ ಭಾಗಿ. ಹೊಣೆ ಹಂಚಿಕೊಂಡರೆ ಕರಗುವುದಿಲ್ಲ, ಒಬ್ಬೊಬ್ಬರಲ್ಲೂ ತನ್ನ ಬಗೆಯಲ್ಲಿ ಪೂರ್ತಿಯಾಗಿರುತ್ತದೆ. ಹನ್ನೊಂದು ಪ್ರತಿಮೆಗಳಲ್ಲಿ ಅನುಮತಿತ್ಯಾಗ ಬರುವುದು ಹತ್ತನೆಯದಾಗಿ, ಬಹುತೇಕ ಕೊನೆಗೆ, ಎಂಬುದು ಅರ್ಥಪೂರ್ಣ: ತಾನು ಮಾಡುವುದನ್ನು ಬಿಡುವುದಕ್ಕಿಂತ, ಪರರು ಮಾಡಿದ್ದರ ಲಾಭಕ್ಕೆ ತಲೆಯಾಡಿಸುವುದನ್ನು ಬಿಡುವುದು ಹೆಚ್ಚು ಕಷ್ಟ.

ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ಇತ್ತೀಚಿನ ದೃಷ್ಟಾಂತ ಪಿಎಫ್‌ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳದು. ಕಾಗದಕ್ಕೆ ಎಣ್ಣೆಯಾಗಲೀ ನೀರಾಗಲೀ ಇಳಿಯದಂತೆ ಇವು ತಡೆಯುತ್ತವೆ. ಅದಕ್ಕೆ ಕಾರಣವಾದ ಇಂಗಾಲ-ಫ್ಲೋರಿನ್ ಬಂಧ ಎಷ್ಟು ಗಟ್ಟಿಯೆಂದರೆ ಮಣ್ಣಿನ ಜೀವಾಣುಗಳು ಅದನ್ನು ಸುಲಭವಾಗಿ ಒಡೆಯಲಾರವು. ಪ್ಲಾಸ್ಟಿಕ್ ಬಿಡಬೇಕೆಂಬ ಸದಾಶಯದಿಂದ, ಗೊಬ್ಬರವಾಗುತ್ತದೆ ಎಂಬ ಭರವಸೆಯಿಂದ ತಂದ ನಾರಿನ ಬಟ್ಟಲುಗಳಲ್ಲೂ ಇವು ಕಂಡುಬಂದಾಗ, ಒಂದು ಕೇಡನ್ನು ನೀಗಲು ಹೊರಟವರು ಇನ್ನೊಂದನ್ನು ಮಣ್ಣಿಗೆ ಸೇರಿಸುತ್ತಿದ್ದರು ಎಂಬುದು ತಿಳಿಯಿತು. 2021ರಲ್ಲಿ ಅಮೆರಿಕದ ಮಾದರಿ ಶಾಸನಕ್ಕೆ ಇವನ್ನು ಸೇರಿಸಲಾಯಿತು. ಐರೋಪ್ಯ ಒಕ್ಕೂಟದ ಹೊಸ ನಿಯಮಾವಳಿಯೂ ಆಹಾರ ಮುಟ್ಟುವ ಪ್ಯಾಕೇಜಿಂಗಿನಲ್ಲಿ ಇವುಗಳಿಗೆ ಮಿತಿ ಹಾಕಿದೆ. ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ, ಅಂದರೆ ಸರಿಯಾದ ಶ್ರದ್ಧೆ, ಅರಿವು, ನಡತೆ ಎಂಬ ರತ್ನತ್ರಯದಲ್ಲಿ ಅರಿವಿಲ್ಲದ ನಡತೆಗೆ ಮೋಕ್ಷವಿಲ್ಲ. ದಯೆಗೆ ಮುನ್ನ ಜ್ಞಾನ ಬೇಕೆಂಬ ಆ ಪರಂಪರೆಯ ಒತ್ತಾಯ ಪ್ರಯೋಗಾಲಯಕ್ಕೂ ಸಲ್ಲುತ್ತದೆ.

ಧರ್ಮದ ಪದಗಳನ್ನು ಉದ್ಯಮದ ಮೇಲೆ ಹೀಗೆ ಹೊದಿಸುವುದು ಯುಕ್ತವೇ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ವ್ರತವನ್ನು ವ್ಯಕ್ತಿ ತನ್ನ ಆತ್ಮದ ಬಿಡುಗಡೆಗಾಗಿ ತಾನೇ ತೊಡುತ್ತಾನೆ. ಕಾನೂನನ್ನು ರಾಜ್ಯ ದಂಡದ ಭಯದಿಂದ ಹೇರುತ್ತದೆ. ಕಂಪನಿಗೆ ಆತ್ಮವಿಲ್ಲ, ಅದಕ್ಕೆ ಮೋಕ್ಷವೂ ಇಲ್ಲ. ಈ ಅಂತರವನ್ನು ಅಳಿಸಲಾಗದು, ಅಳಿಸಬೇಕಾಗಿಯೂ ಇಲ್ಲ. ಆದರೆ ದಂಡದ ಭಯ ಇರುವುದು ಪರೀಕ್ಷಕ ಬರುವ ಕಡೆಗಳಲ್ಲಿ ಮಾತ್ರ. ಪರೀಕ್ಷಕ ಎಂದೂ ಬಾರದ ಸಣ್ಣ ಕಾರ್ಖಾನೆಯ ಹಿಂಬದಿಯಲ್ಲಿ, ಗುಜರಿಯವನು ಬಣ್ಣಬಣ್ಣದ ಪ್ಲಾಸ್ಟಿಕ್ಕನ್ನು ವಿಂಗಡಿಸುವ ಶೆಡ್ಡಿನಲ್ಲಿ, ಚಳಿಗಾಲದ ಮುಂಜಾನೆ ರಸ್ತೆಬದಿಯ ಕಸಕ್ಕೆ ಬೆಂಕಿ ಹಚ್ಚಿ ಪೌರಕಾರ್ಮಿಕರು ಕೈ ಕಾಯಿಸಿಕೊಳ್ಳುವ ಮೂಲೆಯಲ್ಲಿ ಕೆಲಸ ಮಾಡಬೇಕಾದದ್ದು ಕಾನೂನಿಗಿಂತ ಒಳಗಿನದೊಂದು. ಹಳದಿಯನ್ನು ಆರಿಸಿದವನು ಒಬ್ಬ, ಆ ಹಳದಿ ಉರಿದ ಹೊಗೆ ಕುಡಿಯುವವಳು ಇನ್ನೊಬ್ಬಳು. ಅವರಿಬ್ಬರ ನಡುವೆ ಯಾವ ಒಪ್ಪಂದವೂ ಇಲ್ಲ, ಪರಿಚಯವೂ ಇಲ್ಲ. ಪರಿಚಯವಿಲ್ಲದವರಿಗೂ ಸಲ್ಲಬೇಕಾದ ಎಚ್ಚರವನ್ನೇ ಅಹಿಂಸೆ ಎಂದು ಕರೆಯುವುದು.

ಜೈನ ಮನೆಗಳಲ್ಲಿ ನೀರು ಸೋಸುವ ಕ್ರಮವೊಂದಿದೆ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುತ್ತಾರೆ. ಕುಡಿಯುವ ನೀರು ಅಲ್ಲಿಗೆ ಸಿದ್ಧವಾದರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಅದರಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅವು ಬಂದ ಬಾವಿಗೇ ಮೆಲ್ಲಗೆ ಇಳಿಬಿಡಬೇಕು. ಒಣನೆಲಕ್ಕೆ ಕೊಡವಿಬಿಟ್ಟರೆ ಸೋಸಿದ ಪುಣ್ಯ ಉಳಿಯುವುದಿಲ್ಲ. ಆಹಾರಕ್ಕೆ ವಿಷ ಇಳಿಯದಂತೆ ನೋಡಿಕೊಳ್ಳುವ ನಿಯಮ ಆ ಕ್ರಮದ ಮೊದಲರ್ಧ. ಪೊಟ್ಟಣ ಕಸವಾದ ಮೇಲೆ ಅದರೊಳಗಿನ ಲೋಹ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ನಿಯಮ ಎರಡನೆಯ ಅರ್ಧ. ತಮ್ಮ ಬಟ್ಟಲು ಶುದ್ಧವಾದಷ್ಟಕ್ಕೆ ತೃಪ್ತಿಪಡುವವರು ಮೊದಲರ್ಧದಲ್ಲೇ ನಿಲ್ಲುತ್ತಾರೆ. ಬಟ್ಟೆಯನ್ನು ಮಗುಚಿ ಬಾವಿಯವರೆಗೆ ನಡೆದುಹೋಗುವ ಆ ಸಣ್ಣ ಶ್ರಮವನ್ನು ಒಂದು ನಾಡಿನ ಉದ್ದಿಮೆ, ಅಂಗಡಿ, ಅಡುಗೆಮನೆಗಳು ರೂಢಿಯಾಗಿಸಿಕೊಳ್ಳುವವರೆಗೆ ನೂರರ ಗೆರೆ ಬೇಕೇ ಬೇಕು, ಮತ್ತು ಅದು ಇನ್ನೂ ಕೆಳಗಿಳಿಯಬೇಕು.